ನೀನಿರದ ಆರು ದಿನಗಳು

ಮಗಳೇ,

ಆಫೀಸಿನ ಗೆಳತಿಯರ ಜೊತೆ ಸೇರಿ ಶನಿವಾರಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಠ ಹೇಳಿಕೊಡಬೇಕು ಅಂದುಕೊಂಡಿದ್ದೀಯ ಅಂತ ತಿಳಿದು ಮನಸ್ಸು ತುಂಬಿತು. ದೊಡ್ಡಮ್ಮ ಬದುಕನ್ನೆಲ್ಲ ಶಾಲೆಯಲ್ಲೇ ಕಳೆದವಳು, ಶುರು ಮಾಡುವ ಮೊದಲು ಏನಾದರೂ ಹೇಳು ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಗೆಳತಿಯರಿಗೂ ಓದಿಸು.

ನೀನು ಆ ಮಕ್ಕಳ ಜೊತೆ ಇರುವುದು ವಾರಕ್ಕೆ ಎರಡು ತಾಸು. ವಾರದ ಉಳಿದ ಹೊತ್ತನ್ನೆಲ್ಲ ಅವರು ನೀನಿಲ್ಲದೆ ಕಳೆಯುತ್ತಾರೆ. ಎರಡು ತಾಸು ನೀನು ಎಷ್ಟು ಚೆನ್ನಾಗಿ ಪಾಠ ಮಾಡಿದರೂ ಭಾನುವಾರದಿಂದ ಶುಕ್ರವಾರದವರೆಗೆ ಅದರ ಗಂಧವೇ ಇಲ್ಲದಿದ್ದರೆ ಮುಂದಿನ ಶನಿವಾರ ಮತ್ತೆ ಮೊದಲಿನಿಂದಲೇ ಶುರು ಮಾಡಬೇಕಾಗುತ್ತದೆ. ಹಾಗಾಗಿ ಶನಿವಾರ ಏನು ಕಲಿಸಲಿ ಅಂತ ಯೋಚಿಸುವ ಮೊದಲು, ನಾನು ಇಲ್ಲದ ಆರು ದಿನ ಈ ಮಗುವಿನ ಕೈಯಲ್ಲಿ ಏನಿರುತ್ತದೆ ಅಂತ ಯೋಚಿಸು. ನಾನು ಮುಂದೆ ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ನಾನು ಕೆಲಸ ಮಾಡಿದ ಶಾಲೆಗಳಿಗೆಲ್ಲ ಜೂನ್ ಬಂತೆಂದರೆ, ಸ್ವಾತಂತ್ರ್ಯ ದಿನ ಬಂತೆಂದರೆ ಜನ ಬರುತ್ತಿದ್ದರು. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆಯಲ್ಲಿ ಸೇರಿದ ಮೇಲೆ ಹಾಗೆ ಬರುವವರು ಇನ್ನೂ ಹೆಚ್ಚಾದರು. ಬ್ಯಾಗು ತಂದರು, ನೋಟ್‌ಬುಕ್ಕು ತಂದರು, ಗೋಡೆಗೆ ಬಣ್ಣ ಹೊಡೆಸಿದರು, ಶೌಚಾಲಯ ಕಟ್ಟಿಸಿಕೊಟ್ಟರು. ಅವರನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಶೌಚಾಲಯ ಸರಿಯಿಲ್ಲದೆ ದೊಡ್ಡ ಹುಡುಗಿಯರು ಶಾಲೆಗೆ ಬರುವುದನ್ನೇ ನಿಲ್ಲಿಸುವುದನ್ನು ಕಣ್ಣಾರೆ ಕಂಡವಳು ನಾನು. ಆದರೆ ಸಾಮಾನು ಕೊಡುವವರು ಒಂದು ಸಲ ಬಂದು ಕೊಟ್ಟು ಹೋದರೆ ಕೆಲಸ ಮುಗಿಯುತ್ತದೆ. ಕಲಿಸುವವರ ಕೆಲಸ ಹಾಗಲ್ಲ. ಈ ಮಕ್ಕಳು ಬಂದು ಹೋಗುವವರನ್ನು ಬೇಕಾದಷ್ಟು ನೋಡಿರುತ್ತಾರೆ. ಅತಿಥಿ ಶಿಕ್ಷಕರು ವರ್ಷಕ್ಕೊಬ್ಬರು ಬದಲಾಗುತ್ತಾರೆ, ಇಷ್ಟವಾದ ಟೀಚರಿಗೆ ವರ್ಗವಾಗುತ್ತದೆ, ಅಪ್ಪ ಕೆಲಸಕ್ಕೆಂದು ಬೇರೆ ಊರಿಗೆ ಹೋದವನು ಹಬ್ಬಕ್ಕೂ ಬರುವುದಿಲ್ಲ. ಇವರ ಸಾಲಿಗೆ ನೀನೂ ಸೇರಬೇಡ. ವಾರ ವಾರ ಬರಲು ಆಗದು ಅನ್ನಿಸಿದರೆ ಎರಡು ವಾರಕ್ಕೊಮ್ಮೆ ಬರುತ್ತೇನೆ ಅಂತ ಹೇಳಿ, ಮಳೆ ಬಂದರೂ ನೆಂಟರು ಬಂದರೂ ಎರಡು ವಾರಕ್ಕೊಮ್ಮೆ ಹೋಗು. ಬರಲಾಗದ ದಿನ ಮೊದಲೇ ಶಾಲೆಗೆ ಫೋನು ಮಾಡಿ, ‘ಅಕ್ಕ ಇವತ್ತು ಬರಲ್ಲ’ ಅಂತ ಮಕ್ಕಳಿಗೆ ಮುಟ್ಟಿಸು. ಹತ್ತು ಶಾಲೆ ಸುತ್ತುವುದೂ ಬೇಡ. ಒಂದೇ ಶಾಲೆ, ಹತ್ತು ಹದಿನೈದು ಮಕ್ಕಳು, ಅದೇ ಮಕ್ಕಳು, ವರ್ಷವಿಡೀ. ಅಷ್ಟಾದರೆ ದೊಡ್ಡ ಕೆಲಸ.

ಶಾಲೆಯೊಳಗೆ ಕಾಲಿಡುವುದು ಮುಖ್ಯ ಶಿಕ್ಷಕಿಯ ಕೋಣೆಯ ಮೂಲಕವೇ ಆಗಲಿ. ಒಂದು ಅರ್ಜಿ ಬರೆದುಕೊಂಡು ಹೋಗು. ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ನಮ್ಮ ರಾಜ್ಯದಲ್ಲಿ 2001ರಿಂದ ಈ ವ್ಯವಸ್ಥೆ ಬಂದಿದೆ, ಅದರಲ್ಲಿರುವವರು ಹೆಚ್ಚಾಗಿ ಮಕ್ಕಳ ತಂದೆ ತಾಯಿಯರೇ. ಅವರ ಸಭೆಗೆ ಒಂದು ಸಲ ಹೋಗಿ ನೀನು ಯಾರು, ಎಲ್ಲಿಂದ ಬಂದೆ, ಏನು ಮಾಡಬೇಕೆಂದಿದ್ದೀಯ ಅಂತ ಹೇಳು. ತಮ್ಮ ಮಕ್ಕಳ ಹತ್ತಿರ ಬರುವವರು ಯಾರು ಅಂತ ತಿಳಿಯುವ ಹಕ್ಕು ಅವರಿಗಿದೆ. ಬಡವರ ಮಕ್ಕಳು ಅನ್ನುವ ಕಾರಣಕ್ಕೆ ಹೊರಗಿನವರು ಕೇಳದೆ ಒಳಗೆ ಬರಬಹುದು ಅನ್ನುವ ಅಭ್ಯಾಸ ಕೆಲವರಲ್ಲಿದೆ. ನಿನ್ನ ತಮ್ಮ ಓದಿದ ಖಾಸಗಿ ಶಾಲೆಗೆ ಯಾರಾದರೂ ಹಾಗೆ ನುಗ್ಗಲು ಆಗುತ್ತಿತ್ತೇ?

ಆ ಶಾಲೆಯ ಟೀಚರುಗಳನ್ನು ತಿದ್ದಲು ಬಂದಿದ್ದೇನೆ ಅನ್ನುವ ಭಾವನೆ ನಿನ್ನ ಮುಖದ ಮೇಲೂ ಸುಳಿಯದಿರಲಿ. ಒಬ್ಬಳೇ ಟೀಚರು ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುತ್ತಾಳೆ. ನಡುವೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮಕ್ಕಳ ಮಾಹಿತಿ ಆನ್‌ಲೈನಿಗೆ ಏರಿಸುವ ಕೆಲಸ, ಚುನಾವಣೆ ಬಂದರೆ ಮತದಾರರ ಪಟ್ಟಿ. ಇಷ್ಟರ ಮಧ್ಯೆ ನಿನಗೆ ಒಂದು ಕುರ್ಚಿ ಹಾಕಿ ಮಾತಾಡಿಸಿದರೆ ಅದು ಅವಳ ಒಳ್ಳೆಯತನ. ನೀನು ಅವಳನ್ನು ಕೇಳಬೇಕಾದದ್ದು ಒಂದೇ: ‘ಮಿಸ್, ನಿಮಗೆ ಹೊತ್ತು ಸಾಲದೆ ಹಿಂದೆ ಉಳಿದಿರುವ ಮಕ್ಕಳು ಯಾರು? ಅವರನ್ನು ನನ್ನ ಹತ್ತಿರ ಕೂರಿಸ್ತೀರಾ?’ ಚುರುಕಾದ ಮಕ್ಕಳು ತಾವಾಗಿಯೇ ನಿನ್ನ ಸುತ್ತ ಮುತ್ತಿಕೊಳ್ಳುತ್ತಾರೆ, ಅವರ ಜೊತೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗೋಡೆಗೆ ಒರಗಿ ಕೂತು ಬೋರ್ಡು ನೋಡಿ ಅಂದವಾಗಿ ಬರೆದುಕೊಂಡು, ಬರೆದದ್ದನ್ನು ಓದಲು ಬಾರದೆ ಸುಮ್ಮನಿರುವ ಮಗುವಿದೆಯಲ್ಲ, ನೀನು ಹೋಗಬೇಕಾದದ್ದು ಆ ಮಗುವಿನ ಪಕ್ಕಕ್ಕೆ.

ಅಂಥ ಮಕ್ಕಳು ಎಷ್ಟಿದ್ದಾರೆ ಅಂತ ನಿನಗೆ ಗೊತ್ತಿರಲಿ. ಪ್ರಥಮ್ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಕ್ಕಳ ಓದನ್ನು ಅಳೆಯುತ್ತ ಬಂದಿದೆ, ‘ಅಸರ್’ ವರದಿ ಅಂತ ಅದಕ್ಕೆ ಹೆಸರು. ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ಅರ್ಧಕ್ಕಿಂತ ಕಡಿಮೆ ಅಂತ ಅದರ 2022ರ ಸಮೀಕ್ಷೆ ಹೇಳಿತು. ಕೊರೊನಾದಲ್ಲಿ ಶಾಲೆ ಮುಚ್ಚಿದ್ದು ಈ ಗಾಯವನ್ನು ಇನ್ನೂ ಆಳ ಮಾಡಿತು. ಓದಲು ಬಾರದ ಮಗುವಿಗೆ ಐದನೇ ತರಗತಿಯ ಸಮಾಜವೂ ಇಲ್ಲ, ವಿಜ್ಞಾನವೂ ಇಲ್ಲ, ಲೆಕ್ಕದ ಪ್ರಶ್ನೆಯೂ ಇಲ್ಲ. ಎಲ್ಲವೂ ಕಪ್ಪು ಗೆರೆಗಳು. ಹೀಗೆ ಎರಡು ಮೂರು ವರ್ಷ ಸುಮ್ಮನೆ ಕೂತು ಕೂತು, ಏಳನೇ ತರಗತಿ ಮುಗಿಯುವ ಹೊತ್ತಿಗೆ ‘ನಂಗೆ ತಲೆಗೆ ಹತ್ತಲ್ಲ’ ಅಂತ ತನಗೆ ತಾನೇ ತೀರ್ಮಾನ ಮಾಡಿಕೊಂಡಿರುತ್ತದೆ.

ನನ್ನ ಮಾತು ಕೇಳುವುದಾದರೆ, ಮೊದಲ ವರ್ಷ ಓದುವುದನ್ನು ಕಲಿಸು, ಜೊತೆಗೆ ಕೂಡುವ ಕಳೆಯುವ ಲೆಕ್ಕ. ಬೇರೇನೂ ಬೇಡ. ವ್ಯಕ್ತಿತ್ವ ವಿಕಸನ, ನಾಯಕತ್ವ, ಸ್ಫೂರ್ತಿಯ ಭಾಷಣ ಇವುಗಳ ಆಸೆ ನಿನ್ನ ಗೆಳತಿಯರಿಗೆ ಬಂದರೆ ಮೆಲ್ಲಗೆ ತಡೆ.

ಓದು, ಲೆಕ್ಕ ಇಷ್ಟನ್ನೇ ಕಲಿಸಿದರೆ ಏನಾದರೂ ಆಗುತ್ತದೆಯೇ ಅಂತ ನೀನು ಕೇಳಬಹುದು. ಆಗುತ್ತದೆ, ಆಗಿದೆ. 2001ರಿಂದ 2003ರವರೆಗೆ ವಡೋದರಾ ಮತ್ತು ಮುಂಬಯಿಯ ಸರ್ಕಾರಿ ಶಾಲೆಗಳಲ್ಲಿ ‘ಬಾಲಸಖಿ’ ಅನ್ನುವ ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಪರೀಕ್ಷೆ ಮಾಡಿ ನೋಡಿದರು. ಬಾಲಸಖಿಯರು ಬಿ.ಎಡ್. ಮಾಡಿದವರಲ್ಲ. ಹೈಸ್ಕೂಲು ಮುಗಿಸಿದ, ಅದೇ ಬಡಾವಣೆಯ ಹುಡುಗಿಯರು. ಎರಡು ವಾರದ ತರಬೇತಿ ಪಡೆದು, ಮೂರು ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಸುಮಾರು ಎರಡು ತಾಸು ಬೇರೆ ಕೂರಿಸಿಕೊಂಡು ಅಕ್ಷರ, ಎಣಿಕೆ ಕಲಿಸಿದರು. ಮಕ್ಕಳು ಚೆನ್ನಾಗಿಯೇ ಕಲಿತರು, ಅದರಲ್ಲೂ ತೀರಾ ಹಿಂದಿದ್ದವರಿಗೆ ಹೆಚ್ಚು ಲಾಭವಾಯಿತು. ಬಡತನದ ಬಗ್ಗೆ ಇಂಥ ಪ್ರಯೋಗಗಳನ್ನು ಮಾಡಿದ್ದಕ್ಕೇ ಆ ಇಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನೀನು ಇಂಜಿನಿಯರು, ಆ ಹುಡುಗಿಯರಿಗಿಂತ ಹೆಚ್ಚು ಓದಿದ್ದೀಯ. ಆದರೆ ಅವರ ಹತ್ತಿರ ಇದ್ದು ನಿನ್ನ ಹತ್ತಿರ ಇಲ್ಲದ್ದು ಒಂದಿದೆ. ಅವರು ಪ್ರತಿದಿನ ಬರುತ್ತಿದ್ದರು. ನೀನು ವಾರಕ್ಕೊಮ್ಮೆ ಬರುತ್ತೀಯ. ಆ ಕೊರತೆಯನ್ನು ಹೇಗೆ ತುಂಬಬಹುದು ಅಂತ ಆಮೇಲೆ ಹೇಳುತ್ತೇನೆ.

ಮೊದಲ ಶನಿವಾರ ಪಾಠ ಮಾಡಬೇಡ, ಬರೀ ಓದಿಸಿ ಕೇಳು. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಬೇರೆ ಮಕ್ಕಳ ಕಿವಿಗೆ ಬೀಳದ ಹಾಗೆ. ಎರಡನೇ ತರಗತಿಯ ಪುಸ್ತಕದ ನಾಲ್ಕು ಸಾಲು ಕೊಡು. ಬಾರದಿದ್ದರೆ ಎರಡಕ್ಷರದ ಪದ, ಅದೂ ಬಾರದಿದ್ದರೆ ಬಿಡಿ ಅಕ್ಷರ. ಎಲ್ಲಿ ನಿಂತಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೋ. ಅಕ್ಷರದ ಹತ್ತಿರ ಇರುವವರು ಒಂದು ಗುಂಪು, ಪದದವರು ಒಂದು, ಸಾಲು ಓದುವವರು ಒಂದು. ನಾಲ್ಕನೆಯವನೂ ಆರನೆಯವಳೂ ಒಂದೇ ಗುಂಪಿನಲ್ಲಿ ಬರಬಹುದು. ಆಗ ದೊಡ್ಡ ಮಗುವಿಗೆ ಅವಮಾನವಾಗದಂತೆ ಕಾಯುವುದು ನಿನ್ನ ಜವಾಬ್ದಾರಿ. ಅವಳಿಗೆ ಹಾಜರಿ ಬರೆಯುವ ಕೆಲಸ ಕೊಡು, ಅಕ್ಷರದ ಕಾರ್ಡು ಹಂಚುವ ಕೆಲಸ ಕೊಡು.

ಇನ್ನು ಅಕ್ಷರ ಕಲಿಸುವುದು. ನೀನು ಅ, ಆ, ಇ, ಈ ಅಂತಲೇ ಶುರು ಮಾಡುತ್ತೀಯ ಅಂತ ನನಗೆ ಗೊತ್ತು, ನಿನಗೂ ನಿನ್ನ ಅಮ್ಮನಿಗೂ ಕಲಿಸಿದ್ದು ಹಾಗೆಯೇ. ಆದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಈಗ ಕಲಿಯುವುದು ನಲಿ-ಕಲಿ ಕ್ರಮದಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಟೀಚರುಗಳು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ, ನಮ್ಮ ಮಕ್ಕಳಿಗೆ ತಕ್ಕ ಹಾಗೆ ಕಾರ್ಡುಗಳನ್ನು ತಾವೇ ಮಾಡಿಕೊಂಡು ಶುರು ಮಾಡಿದ್ದು ಅದು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂತು. ಅದರಲ್ಲಿ ಮೊದಲು ಕಲಿಸುವ ಅಕ್ಷರಗಳು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಏಕೆ ಹಾಗೆ ಅಂದರೆ, ಮೊದಲ ಐದೇ ಅಕ್ಷರ ಬಂದರೆ ಮಗು ಅದೇ ವಾರ ಸರ, ರಸ, ಅರಸ, ಅಗಸ, ಗರಗಸ ಅಂತ ಓದಿಬಿಡಬಹುದು. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಬರೆಯುವುದಕ್ಕೂ ರ ಸುಲಭ, ಅದಕ್ಕೆ ಸ್ವಲ್ಪ ಸೇರಿಸಿದರೆ ಬೇರೆ ಅಕ್ಷರಗಳು ಬರುತ್ತವೆ. ‘ಗರಗಸ’ ಅಂತ ತಾನೇ ಓದಿ, ಅದರ ಅರ್ಥ ಹೊಳೆದ ಮಗುವಿನ ಮುಖವನ್ನು ನೀನು ಒಂದು ಸಲ ನೋಡಬೇಕು. ಐವತ್ತು ಅಕ್ಷರ ಬಾಯಿಪಾಠ ಒಪ್ಪಿಸಿದಾಗ ಆ ಮುಖ ಹಾಗೆ ಅರಳುವುದಿಲ್ಲ. ಟೀಚರು ಐದು ದಿನ ಒಂದು ಕ್ರಮದಲ್ಲಿ ಕಲಿಸಿ, ಶನಿವಾರದ ಅಕ್ಕ ಬಂದು ಇನ್ನೊಂದು ಕ್ರಮ ಹಿಡಿದರೆ ಇಬ್ಬರ ಶ್ರಮವೂ ನೀರಿನಲ್ಲಿ ಹೋಗುತ್ತದೆ. ಅದಕ್ಕೇ ಟೀಚರನ್ನು ಕೇಳಿ, ಮಗು ನಲಿ-ಕಲಿಯ ಕಲಿಕಾ ಏಣಿಯಲ್ಲಿ ಯಾವ ಮೆಟ್ಟಿಲಲ್ಲಿದೆ ಅಂತ ತಿಳಿದುಕೊಂಡು ಅಲ್ಲಿಂದಲೇ ಮುಂದುವರಿಸು.

ಕನ್ನಡ ಓದುವ ಮಗು ಎಡವುವ ಜಾಗಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಕಿ–ಕೀ, ಕೆ–ಕೇ, ಕೊ–ಕೋ ವ್ಯತ್ಯಾಸ ಕಾಣುವುದಿಲ್ಲ. ಒತ್ತಕ್ಷರ ಬಂದರೆ ಕೆಳಗಿನದನ್ನು ಬಿಟ್ಟು ಮೇಲಿನದನ್ನಷ್ಟೇ ಓದುತ್ತದೆ, ‘ಅಮ್ಮ’ ಹೋಗಿ ‘ಅಮ’ ಆಗುತ್ತದೆ. ತಪ್ಪು ಅಂತ ಗದರಬೇಡ. ‘ಅಮ್ಮ’ ಅಂತ ನೀನು ಜೋರಾಗಿ ಹೇಳು, ಅವನ ಬಾಯಲ್ಲೂ ಹೇಳಿಸು, ಆಮೇಲೆ ಕಾಗದದ ಮೇಲೆ ಆ ಒತ್ತು ಎಲ್ಲಿದೆ ಅಂತ ಬೆರಳಿಟ್ಟು ತೋರಿಸು. ಕಿವಿಗೆ ಬಂದದ್ದು ಕಣ್ಣಿಗೆ ಬರುತ್ತದೆ.

ಲೆಕ್ಕದಲ್ಲೂ ಹೀಗೆಯೇ. 52ರಲ್ಲಿ 27 ಕಳೆಯಲು ಹೇಳಿದರೆ ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. ತಪ್ಪು ಅಂತ ಗೀಟು ಎಳೆಯುವ ಮೊದಲು ‘ಹೇಗೆ ಮಾಡ್ದೆ, ಹೇಳು’ ಅಂತ ಕೇಳು. ‘ಎರಡರಲ್ಲಿ ಏಳು ಹೋಗಲ್ಲ ಅಕ್ಕ, ಏಳರಲ್ಲಿ ಎರಡು ಹೋದ್ರೆ ಐದು’ ಅನ್ನುತ್ತಾನೆ. ಅಲ್ಲಿ ಸೋಮಾರಿತನವಿಲ್ಲ, ಒಂದು ಯೋಚನೆಯಿದೆ. ಆ ಯೋಚನೆಯನ್ನೇ ಹಿಡಿದು ಕಡ್ಡಿಗಳ ಹತ್ತರ ಕಟ್ಟು ಬಿಚ್ಚಿ ತೋರಿಸಬೇಕು. ‘ನೂರಾ ಮೂರು’ ಅಂದರೆ 1003 ಅಂತ ಬರೆಯುವ ಮಗುವೂ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತಿದೆ. ಇದೇ ಮಕ್ಕಳು ಸಂತೆಯಲ್ಲಿ ಅಮ್ಮನ ಸೊಪ್ಪಿನ ಗಾಡಿಯ ಹತ್ತಿರ ನಿಂತು ಚಿಲ್ಲರೆಯನ್ನು ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಹಾಕಿ ಕೊಡುತ್ತಾರೆ. ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ ಬಂದ ಒಂದು ಅಧ್ಯಯನವೂ ಇದನ್ನೇ ತೋರಿಸಿತು. ವ್ಯಾಪಾರದ ಲೆಕ್ಕ ಬಾಯಲ್ಲೇ ಮಾಡುವ ಮಕ್ಕಳಿಗೆ ಅಷ್ಟೇ ಕಷ್ಟದ ಶಾಲೆಯ ಲೆಕ್ಕ ಬರುವುದಿಲ್ಲ. ಅವರಿಗೆ ಬರುವ ಲೆಕ್ಕದಿಂದ ಬಾರದ ಲೆಕ್ಕಕ್ಕೆ ಕೈಹಿಡಿದು ದಾಟಿಸುವವರು ಬೇಕು. ಅದಕ್ಕೆ ಹೊತ್ತು ಬೇಕು, ಟೀಚರಿಗೆ ಇಲ್ಲದ್ದು ಆ ಹೊತ್ತು. ನೀನು ಕೊಡಬಹುದಾದ ದೊಡ್ಡ ವಸ್ತು ಅದೇ, ಕಣಮ್ಮ.

ಈಗ ಆ ಆರು ದಿನಗಳಿಗೆ ಬರುತ್ತೇನೆ. ಪ್ರತಿ ಶನಿವಾರ ಒಂದೊಂದು ಮಗುವಿಗೂ ಒಂದು ತೆಳು ಕಥೆಪುಸ್ತಕ ಮನೆಗೆ ಕೊಡು. ಮುಂದಿನ ಶನಿವಾರ ಅದನ್ನು ತಂದು ಇನ್ನೊಂದು ಒಯ್ಯಲಿ. ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳು ಅಗ್ಗ. ಅವರದೇ ಸ್ಟೋರಿವೀವರ್ ತಾಣದಿಂದ ಹಂತ ಹಂತದ ಕಥೆಗಳನ್ನು ಬಿಟ್ಟಿಯಾಗಿ ಇಳಿಸಿಕೊಂಡು ನಿನ್ನ ಆಫೀಸಿನ ಹತ್ತಿರವೇ ಪ್ರಿಂಟು ಹಾಕಿಸಬಹುದು. ಪುಸ್ತಕ ಹರಿದು ಬರುತ್ತದೆ, ಎಣ್ಣೆ ಕಲೆಯಾಗಿ ಬರುತ್ತದೆ, ಮನೆಯ ಪುಟ್ಟ ತಮ್ಮ ಪೆನ್ಸಿಲ್ಲಿನಲ್ಲಿ ಗೀಚಿರುತ್ತಾನೆ. ಬರಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಹೊಸ ಪುಸ್ತಕಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವುಗಳಿಂದ ಒಂದು ಮಗುವೂ ಓದು ಕಲಿಯಲಿಲ್ಲ. ಹರಿದ ಪುಸ್ತಕ ಯಾರದೋ ಕೈಯಲ್ಲಿ ಇತ್ತು ಅನ್ನುವುದೇ ನನಗೆ ಸಮಾಧಾನ.

ಶಾಲೆ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗು. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ಗೊತ್ತಿದ್ದರೂ ‘ನಮ್ಮಂಥೋರು ಒಳಗೆ ಹೋಗಬಹುದಾ’ ಅನ್ನುವ ಹಿಂಜರಿಕೆ. ಮೊದಲ ಸಲ ಜೊತೆಗೆ ನಡೆದುಹೋಗುವವರೊಬ್ಬರು ಇದ್ದರೆ ಎರಡನೇ ಸಲ ತಾವೇ ಹೋಗುತ್ತಾರೆ. ಆಮೇಲೆ, ಸರಾಗವಾಗಿ ಓದುವ ಆರು ಏಳನೇ ತರಗತಿಯ ಮಕ್ಕಳಿಗೆ ಒಬ್ಬೊಬ್ಬ ಚಿಕ್ಕವರನ್ನು ಜೋಡಿ ಮಾಡು. ದಿನಾ ಸಂಜೆ ಒಂದು ಪುಟ ಕೇಳಿಸಿಕೊಳ್ಳಬೇಕು, ಅಷ್ಟೇ. ನಿನ್ನ ನೋಟ್‌ಬುಕ್ಕಿನಲ್ಲಿ ಆ ವಾರ ಯಾರಿಗೆ ಏನು ಬಂತು, ಏನು ಬರಲಿಲ್ಲ ಅಂತ ಎರಡೆರಡು ಸಾಲು ಬರೆದು ಟೀಚರ ಮೇಜಿನ ಮೇಲೆ ಇಟ್ಟು ಬಾ. ಸೋಮವಾರ ಅವಳು ಅದನ್ನು ತೆರೆದು ನೋಡಿದ ದಿನ ನಿನ್ನ ಎರಡು ತಾಸು ವಾರದ ಉದ್ದಕ್ಕೂ ಹಬ್ಬಿತು ಅಂತ ತಿಳಿ.

ಯಾರು ಬರಲಿಲ್ಲ ಅನ್ನುವುದನ್ನು ಬಂದವರಷ್ಟೇ ಗಮನಿಸು. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಊರಿನ ಯುವಕ ಯುವತಿಯರೇ ಸಂಬಳವಿಲ್ಲದೆ ಓದು ಶಿಬಿರ ನಡೆಸಿದ್ದರು. ಹೋದ ಮಕ್ಕಳು ನಿಜವಾಗಿ ಓದಲು ಕಲಿತರು. ಆದರೆ ಹೋದವರ ಸಂಖ್ಯೆಯೇ ತೀರಾ ಕಡಿಮೆ. ನಮ್ಮಲ್ಲೂ ಹಾಗೆಯೇ ಆಗುತ್ತದೆ. ವಾರದ ಕೊನೆ ಅನ್ನುವುದು ನಿನಗೆ ಬಿಡುವು, ಬಡವರ ಮನೆಯ ಮಗುವಿಗೆ ಕೆಲಸದ ದಿನ. ಹುಡುಗಿಗೆ ವಾರದ ಬಟ್ಟೆ ಒಗೆಯುವುದಿರುತ್ತದೆ, ಟ್ಯಾಂಕರಿನ ನೀರು ಹಿಡಿಯುವುದಿರುತ್ತದೆ. ಹುಡುಗ ಹೂ ಕಟ್ಟಿ ಮಾರಲು ಹೋಗುತ್ತಾನೆ, ಮದುವೆ ಛತ್ರದಲ್ಲಿ ಎಲೆ ತೆಗೆಯಲು ಹೋಗುತ್ತಾನೆ. ಅಮ್ಮ ಮನೆಗೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳುವವಳು ಅಕ್ಕನೇ. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತ ಹುಡುಗಿಯನ್ನು ‘ಮಗುವನ್ನು ಬಿಟ್ಟು ಬಾ’ ಅಂತ ವಾಪಸು ಕಳಿಸಬೇಡ. ಒಂದು ಚಾಪೆ ಹಾಸು, ನಿನ್ನ ಗೆಳತಿಯೊಬ್ಬಳು ಆ ಕೂಸನ್ನು ಆಡಿಸಲಿ. ಅದೂ ಸೇವೆಯೇ.

ನೀನು ಶನಿವಾರವನ್ನೇ ಆರಿಸಿಕೊಂಡದ್ದು ಒಳ್ಳೆಯದು ಅಂತ ನಾನು ಹೇಳುವುದಕ್ಕೆ ಕಾರಣವೂ ಇದೆ. ಶನಿವಾರ ಬೆಳಗಿನ ಶಾಲೆ ಇರುತ್ತದೆ, ಟೀಚರು ಇರುತ್ತಾರೆ, ಬಾಗಿಲು ತೆರೆದಿರುತ್ತದೆ. ಭಾನುವಾರ ಬಿಸಿಯೂಟವೂ ಇಲ್ಲ, ಹಾಲೂ ಇಲ್ಲ. ಭಾನುವಾರವೇ ಆಗಬೇಕಾದರೆ, ಮಕ್ಕಳು ತಿಂದು ಬಂದಿದ್ದಾರಾ ಅಂತ ಕೇಳದೆ ಪುಸ್ತಕ ತೆಗೆಯಬೇಡ. ಬಾಳೆಹಣ್ಣು, ಕಡಲೆಕಾಯಿ, ಬೇಯಿಸಿದ ಮೊಟ್ಟೆ, ಏನಾದರೂ ಸರಿ. ಬಂದ ಕೂಡಲೇ ಕೊಡು, ಕೊನೆಗೆ ಬಹುಮಾನದ ಹಾಗೆ ಕೊಡಬೇಡ. ಹಸಿದ ಮಗುವನ್ನು ತಿಂಡಿ ತೋರಿಸಿ ಕೂರಿಸುವುದು ಸರಿಯಲ್ಲ.

ನಿಮ್ಮ ಬೆಂಗಳೂರಿನ ಅಂಚಿನ ಶಾಲೆಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು ಬಹಳ. ತಗಡಿನ ಶೆಡ್ಡಿನಲ್ಲಿ ವಾಸ, ಕಟ್ಟಡ ಮುಗಿದರೆ ಇನ್ನೊಂದು ಕಡೆಗೆ. ಆ ಮಗು ‘ಹೋಗೂದಿಲ್ರಿ’ ಅಂದರೆ ಪಕ್ಕದ ಮಕ್ಕಳು ನಗುತ್ತಾರೆ. ನೀನು ನಗಬೇಡ, ತಿದ್ದಲೂ ಬೇಡ. ಅವಳದೂ ಕನ್ನಡವೇ, ಅವಳ ಊರಿನ ಕಥೆಯೊಂದನ್ನು ಅವಳ ಮಾತಿನಲ್ಲೇ ಎಲ್ಲರಿಗೂ ಹೇಳಿಸು. ಲಂಬಾಣಿ ತಾಂಡಾದ ಮಗು, ತೆಲುಗು ಮನೆಯ ಮಗು, ಉರ್ದು ಮನೆಯ ಮಗು ಇರಬಹುದು. ಕನ್ನಡ ಅವರಿಗೆ ಎರಡನೆಯ ಭಾಷೆ ಅನ್ನುವುದನ್ನು ನೆನಪಿಟ್ಟರೆ ನಿನಗೆ ತಾಳ್ಮೆ ತಾನಾಗಿ ಬರುತ್ತದೆ. ಒಂದು ಶನಿವಾರ ಮಗು ಬರದಿದ್ದರೆ ಕೇಳು, ಎರಡನೇ ಶನಿವಾರವೂ ಬರದಿದ್ದರೆ ಟೀಚರ ಜೊತೆ ಶೆಡ್ಡಿನ ತನಕ ಹೋಗು. ಬೇರೆ ಊರಿಗೆ ಹೋಗುತ್ತಿದ್ದರೆ ವರ್ಗಾವಣೆ ಪತ್ರ ಇಸಿದುಕೊಂಡು ಹೋಗಲು ಹೇಳು. ಪತ್ರವಿಲ್ಲದಿದ್ದರೂ ಯಾವ ಸರ್ಕಾರಿ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಅದನ್ನು ಆ ತಾಯಿಗೆ ತಿಳಿಸು.

ಓದಿಲ್ಲದ ತಂದೆ ತಾಯಿಗೆ ಓದಿನ ಬೆಲೆ ಗೊತ್ತಿಲ್ಲ ಅನ್ನುವ ಮಾತು ನಿನ್ನ ಬಾಯಿಂದ ಬರಕೂಡದು. ದಕ್ಷಿಣ ಕನ್ನಡದ ಹರೇಕಳ ಹಾಜಬ್ಬನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದರು. ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ಆದ ನೋವು ಅವರನ್ನು ಬಿಡಲಿಲ್ಲ. ತಮ್ಮೂರು ನ್ಯೂಪಡ್ಪುವಿನ ಮಕ್ಕಳಿಗೆ ಅದು ಆಗಬಾರದು ಅಂತ ಹಣ್ಣು ಮಾರಿದ ದುಡ್ಡು ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು ಊರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅಷ್ಟು ಆಸೆ ಇಟ್ಟುಕೊಂಡ ತಾಯಿ ತಂದೆಯರು ನಿನ್ನ ಶಾಲೆಯ ಸುತ್ತಲೂ ಇದ್ದಾರೆ, ಕೂಲಿ ಬಿಟ್ಟು ಬಂದು ಹೇಳಿಕೊಳ್ಳಲು ಆಗುವುದಿಲ್ಲ ಅಷ್ಟೇ. ಅವರು ‘ಇಂಗ್ಲಿಷ್ ಕಲಿಸಿ ಮೇಡಂ’ ಅಂತ ಕೇಳಿಯೇ ಕೇಳುತ್ತಾರೆ. ಕಲಿಸು. ಹೋದಾಗಲೆಲ್ಲ ಹತ್ತು ನಿಮಿಷ ಹಾಡು, ಆಟ, ಮಾತಿನ ಮೂಲಕ. ಆದರೆ ಕನ್ನಡ ಓದಲು ಬಾರದ ಮಗುವಿನ ಮೇಲೆ ಎ, ಬಿ, ಸಿ, ಡಿಯ ಸಾಲುಗಳನ್ನು ಹೇರಬೇಡ. ಒಂದು ಭಾಷೆಯಲ್ಲಿ ಓದು ಕೂಡಿದರೆ ಇನ್ನೊಂದಕ್ಕೆ ದಾರಿ ಸುಲಭ ಅಂತ ಅವರಿಗೆ ಬಿಡಿಸಿ ಹೇಳು, ಕೇಳುತ್ತಾರೆ.

ಎಂಟನೇ ತರಗತಿ ಇರುವ ಶಾಲೆಯಾದರೆ ಇನ್ನೊಂದು ಕೆಲಸವಿದೆ. ಎನ್‌ಎಂಎಂಎಸ್ ಅನ್ನುವ ಕೇಂದ್ರದ ವಿದ್ಯಾರ್ಥಿ ವೇತನದ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳು ಬರೆಯಬಹುದು. ಗೆದ್ದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಹುಡುಗಿಯ ಮದುವೆಯನ್ನು ನಾಲ್ಕು ವರ್ಷ ಮುಂದಕ್ಕೆ ಹಾಕುವಷ್ಟು ಶಕ್ತಿ ಆ ಹಣಕ್ಕಿದೆ. ಮಕ್ಕಳು ಸೋಲುವುದು ಬುದ್ಧಿಯಿಲ್ಲದೆ ಅಲ್ಲ, ಅಂಥ ಪ್ರಶ್ನೆಗಳನ್ನು ಒಮ್ಮೆಯೂ ನೋಡಿರದ ಕಾರಣಕ್ಕೆ. ಕೆಲವರು ಅರ್ಜಿಯ ಹಂತದಲ್ಲೇ ನಿಂತುಬಿಡುತ್ತಾರೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಇರುವುದಿಲ್ಲ, ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಒಂದು ಹೆಸರು. ಆನ್‌ಲೈನ್ ಕೆಲಸ ನಿನಗೆ ನೀರು ಕುಡಿದಷ್ಟು ಸುಲಭ. ಆ ಒಂದು ತಿಂಗಳು ಅದನ್ನೇ ಮಾಡು.

ಮಕ್ಕಳ ಸುರಕ್ಷತೆಯ ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನೀನಾಗಲಿ ನಿನ್ನ ಗುಂಪಿನ ಯಾರೇ ಆಗಲಿ, ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಗಾಡಿಯಲ್ಲಿ ಕೂರಿಸಿಕೊಂಡು ಸುತ್ತಬಾರದು, ಟೀಚರಿಗೆ ಗೊತ್ತಿಲ್ಲದೆ ಫೋನಿನಲ್ಲಿ ಮಾತಾಡಬಾರದು. ಹೊಡೆಯುವುದು ಮಾತ್ರವಲ್ಲ, ಹಂಗಿಸಿ ನೋಯಿಸುವುದನ್ನೂ ಕಾನೂನು ನಿಷೇಧಿಸಿದೆ. ನಿನ್ನ ಮೇಲೆ ನಂಬಿಕೆ ಬಂದ ಮೇಲೆ ಯಾವುದಾದರೂ ಮಗು ಮನೆಯಲ್ಲೋ ದಾರಿಯಲ್ಲೋ ಆದ ಕೆಟ್ಟದ್ದನ್ನು ಹೇಳಿಕೊಳ್ಳಬಹುದು. ‘ಯಾರಿಗೂ ಹೇಳಲ್ಲ’ ಅಂತ ಭಾಷೆ ಕೊಡಬೇಡ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳು, ‘ನಿಂದೇನೂ ತಪ್ಪಿಲ್ಲ’ ಅನ್ನು, ಅದೇ ದಿನ ಮುಖ್ಯ ಶಿಕ್ಷಕಿಗೆ ತಿಳಿಸು, 1098ಕ್ಕೆ ಫೋನು ಮಾಡು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಸುಮ್ಮನಿರುವುದೇ ಅಪರಾಧ. ಇನ್ನು ಫೋಟೋ. ಮಕ್ಕಳ ಮುಖವನ್ನು ನಿನ್ನ ಫೋನಿನಿಂದ ಲೋಕಕ್ಕೆ ಹಂಚಬೇಡ. ನಾಳೆ ಆ ಹುಡುಗಿ ಕಾಲೇಜಿಗೆ ಹೋದಾಗ, ಕೈಚಾಚಿ ನೋಟ್‌ಬುಕ್ಕು ತೆಗೆದುಕೊಳ್ಳುವ ತನ್ನ ಚಿತ್ರ ಯಾರದೋ ಪುಟದಲ್ಲಿ ಇರುವುದು ಅವಳಿಗೆ ಬೇಕಾಗಿರುವುದಿಲ್ಲ.

ಒಂದು ದಿನ ನೀನು ಬಿಟ್ಟು ಹೊರಡುತ್ತೀಯ. ಮದುವೆಯಾಗಬಹುದು, ಕೆಲಸ ಬೇರೆ ಊರಿಗೆ ಕರೆಯಬಹುದು. ಅದಕ್ಕೆ ಸಂಕೋಚಪಡಬೇಡ, ಆದರೆ ಹೇಳದೆ ಹೋಗಬೇಡ. ಎರಡು ತಿಂಗಳು ಮೊದಲೇ ಮಕ್ಕಳಿಗೆ ದಿನಾಂಕ ಹೇಳು. ನಿನ್ನ ಜಾಗಕ್ಕೆ ಬರುವವಳನ್ನು ನಾಲ್ಕು ಶನಿವಾರ ಜೊತೆಗೆ ಕರೆದುಕೊಂಡು ಹೋಗಿ ಕೂರಿಸು, ನೋಟ್‌ಬುಕ್ಕನ್ನು ಅವಳ ಕೈಗೆ ಕೊಡು. ಯಾರಿಗೆ ಒತ್ತಕ್ಷರ ಇನ್ನೂ ಬಂದಿಲ್ಲ, ಯಾರ ಅಮ್ಮನಿಗೆ ಹುಷಾರಿಲ್ಲ ಅನ್ನುವುದೆಲ್ಲ ಅದರಲ್ಲಿರಲಿ. ಸಾಧ್ಯವಾದರೆ ಆ ಊರಿನವಳೇ, ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳನ್ನು ಮೊದಲ ವರ್ಷದಿಂದಲೇ ಜೊತೆಗೆ ಸೇರಿಸಿಕೋ. ವಾರದ ನಡುವೆಯೂ ಅಲ್ಲೇ ಇರುವವಳು ಅವಳು.

ಮೇ ಕೊನೆಯಲ್ಲಿ ಶಾಲೆ ಶುರುವಾಗುತ್ತದೆ. ಜೂನ್ ಪೂರ್ತಿ ದಾಖಲಾತಿ, ಪುಸ್ತಕ ಹಂಚಿಕೆಯ ಗಡಿಬಿಡಿ, ಆಗ ಹೋಗಿ ಟೀಚರುಗಳಿಗೆ ತೊಂದರೆ ಕೊಡಬೇಡ. ಅರ್ಜಿ ಕೊಟ್ಟು ಬಾ, ಜುಲೈ ಮೊದಲ ಶನಿವಾರದಿಂದ ಕೂರು. ದಸರಾ ರಜೆಯ ಹೊತ್ತಿಗೆ ಒಮ್ಮೆ ಎಲ್ಲರ ಓದನ್ನೂ ಮತ್ತೆ ಕೇಳಿ ಬರೆದುಕೋ, ಏಪ್ರಿಲಿನಲ್ಲಿ ಇನ್ನೊಮ್ಮೆ. ಅರ್ಜಿಯನ್ನು ಕನ್ನಡದಲ್ಲಿ, ನಿನ್ನ ಕೈಯಾರೆ ಬರಿ. ಶಾಲೆ ಗೊತ್ತಾದ ಮೇಲೆ ನಿನ್ನ ಗೆಳತಿಯರನ್ನೆಲ್ಲ ಒಂದು ಭಾನುವಾರ ಮನೆಗೆ ಕರೆದುಕೊಂಡು ಬಾ. ನಲಿ-ಕಲಿ ಕಾರ್ಡುಗಳ ಒಂದು ಹಳೆಯ ಕಟ್ಟು ನನ್ನ ಹತ್ತಿರ ಇದೆ, ಹೇಗೆ ಬಳಸುವುದು ಅಂತ ಕೂತು ತೋರಿಸುತ್ತೇನೆ. ಊಟ ಇಲ್ಲೇ.

ನಿನ್ನ ದೊಡ್ಡಮ್ಮ